ಎಲ್ಮರ್‌ಗಳ ನಡುವೆ ಒಬ್ಬ ರೇ

ಇಪ್ಪತ್ತೆರಡರ ಹುಡುಗನಿಗೆ ಎಲ್ಮರ್ ಅನ್ನೋ ಮುದುಕರ ಹೆಸರಿದ್ದರೆ ಅಮೆರಿಕದ ಡೇಟನ್ ಊರಿನ ಜನ ಸುಮ್ಮನೆ ಬಿಡುತ್ತಾರೆಯೇ? "ತಾತಾ, ಹಲ್ಲಿನ ಸೆಟ್ ಎಲ್ಲಿ?" ಅಂತ ಶಾಲೆಯಲ್ಲೇ ಅವನ ಜೀವ ಹಿಂಡಿದ್ದರು. ಆ ಸಿಟ್ಟಿಗೇ ಅವನು ಎಲ್ಮರ್ ಹೆಸರಿನ ಬೇಸ್‌ಬಾಲ್ ಆಟಗಾರರ ಫೋಟೋ ಅಚ್ಚಾದ ಕಾರ್ಡುಗಳನ್ನು ಕೂಡಿಹಾಕತೊಡಗಿದ್ದು. ಬ್ಯಾಟು ಹೆಗಲಿಗೇರಿಸಿ, ದವಡೆ ಬಿಗಿದು ನಿಂತ ಎಲ್ಮರ್‌ಗಳು. ಇವರನ್ನು ತಾತ ಅನ್ನಿ ನೋಡೋಣ! ಆಲ್ಬಮ್ಮಿನ ಪ್ರತಿ ಕಾರ್ಡಿಗೂ ಆಟಗಾರನ ಸಹಿ ಬಿದ್ದಿತ್ತು, ಒಂದಕ್ಕೆ ಮಾತ್ರ ಇಲ್ಲ: ಎಲ್ಮರ್ ಸ್ಟಾಕ್ಲಿ.

ಆ ಸ್ಟಾಕ್ಲಿ ಈ ಶನಿವಾರ ಕಾರ್ಡು ಸಂತೆಗೆ ಸಹಿ ಹಾಕಲು ಬಂದಿದ್ದ. ಸರದಿಯಲ್ಲಿ ನಿಂತು ನಿಂತು ಹುಡುಗ ಕಾರ್ಡನ್ನು ಮುಂದಿಟ್ಟ. ಮುದುಕ ಸ್ಟಾಕ್ಲಿ ನೋಡಿದವನೇ ಪೆನ್ನು ಕೆಳಗಿಟ್ಟ.

"ಇದು ನಾನಲ್ಲ ಕಣಯ್ಯಾ."

"ಹೆಸರು ನಿಮ್ದೇ ಅಲ್ವಾ ಸಾರ್?"

"ಹೆಸರು ನಂದು. ಮೂತಿ ನಂಜೊತೆ ಆಡ್ತಿದ್ದ ರೇ ಡೋಬಿನ್ಸಂದು. ಕಾರ್ಡು ಕಂಪನಿಯೋರು ಇಬ್ರ ಫೋಟೋನೂ ಅದಲುಬದಲು ಮಾಡಿದ್ರು. ನನ್ನ ಹೆಸರಲ್ಲಿ ಬಂದಿದ್ದೇ ಇದೊಂದು ಕಾರ್ಡು, ಇದ್ರಲ್ಲೂ ಆ ಕೋತಿ ಹಲ್ಲು ಕಿರೀತಿದ್ದಾನೆ."

ಪಕ್ಕದಲ್ಲಿದ್ದ ಅವನ ಹೆಂಡತಿ ನೇಡೀನ್ ನಕ್ಕಳು. "ರೇ ನೋಡೋಕೆ ಚೆನ್ನಾಗಿದ್ದ ಕಣಪ್ಪಾ. ಅದೇ ಇವರ ಹೊಟ್ಟೆಯುರಿ."

"ಮೂತಿ ಯಾರದ್ದಾದ್ರೂ ಇರ್ಲಿ, ಸಹಿ ಹಾಕಿ ಸಾರ್! ನಂಗೆ ಬೇಕಿರೋದು ಹೆಸರು."

"ಅದು ಆಗ್ಲೇ ಅಚ್ಚಾಗಿದೆಯಲ್ಲ. ನಾನ್ಯಾಕೆ ಮತ್ತೆ?"

ಹುಡುಗ ಕಾರ್ಡನ್ನು ಎತ್ತಿ ಮತ್ತೆ ನೋಡಿದ. ಇಷ್ಟು ದಿನ ಯಾವನೋ ರೇ ತನ್ನ ಎಲ್ಮರ್‌ಗಳ ನಡುವೆ ನುಸುಳಿ ಕೂತಿದ್ದನೇ? ಕಿತ್ತೆಸೆದರೆ ಈ ಮುದುಕನೂ ಹೋಗುತ್ತಾನಲ್ಲ?

"ಹಂಗಾದ್ರೆ ರೇ ಕಾರ್ಡಲ್ಲಿ ನಿಮ್ಮ ಮುಖ ಇದೆಯಾ?"

"ಇದೆ. ಅದಕ್ಕೂ ಸಹಿ ಹಾಕಲ್ಲ. ಹೆಸರು ಅವನದು."

ಹಿಂದಿದ್ದವರು ಗೊಣಗಿದರು. ಹುಡುಗ ಜಗ್ಗಲಿಲ್ಲ. "ಸಾರ್, ನನ್ನ ಹೆಸರೂ ಎಲ್ಮರ್."

ಮುದುಕ ತಲೆಯೆತ್ತಿದ. "ಅಯ್ಯೋ! ಈ ಕಾಲದಲ್ಲಿ ನಿಂಗ್ಯಾರು ಇಟ್ರಪ್ಪಾ ಆ ಹೆಸರು?" ಕಾರ್ಡನ್ನು ಮಗುಚಿ ಹಿಂಬದಿಯಲ್ಲಿ ಅಚ್ಚಾಗಿದ್ದ ಆಟದ ಅಂಕಿಗಳ ಮೇಲೆ ಬೆರಳಿಟ್ಟ. "ಇಗೋ, ಈ ಎರಡು ಹೋಮ್ ರನ್ ಹೊಡೆದೋನು ನಾನು. ರೇ ಅಲ್ಲ." ಅವುಗಳ ಕೆಳಗೆ ನಿಧಾನವಾಗಿ ಸಹಿ ಹಾಕಿದ.

ಹೊರಗೆ ಕಾರಿನಲ್ಲಿ ಕೂತು ಎಲ್ಮರ್ ಕಾರ್ಡನ್ನು ಆಲ್ಬಮ್ಮಿಗೆ ತೂರಿಸಿದ. ಮುಂಬದಿ ಮೇಲಿಟ್ಟರೆ ಸಹಿಯಿಲ್ಲ, ಬರೀ ರೇ. ಹಿಂಬದಿ ಮೇಲಿಟ್ಟರೆ ಅಷ್ಟು ಮುಖಗಳ ನಡುವೆ ಮುಖವೇ ಇಲ್ಲದವನೊಬ್ಬ. ತೆಗೆದ, ತಿರುಗಿಸಿದ, ಮತ್ತೆ ತೆಗೆದ. ಸ್ಟಾಕ್ಲಿಯ ಮುಖ ಇರುವುದು ರೇ ಕಾರ್ಡಿನಲ್ಲಲ್ಲವೇ? ಕೊನೆಗೆ ಕಾರಿನ ಬಾಗಿಲು ಧಡಾರನೆ ಹಾಕಿ ಮತ್ತೆ ಸಂತೆಯೊಳಗೆ ಹೋದ.

"ರೇ ಡೋಬಿನ್ಸ್ ಕಾರ್ಡು ಇದೆಯಾ?"

ಕಾರ್ಡು ಮಾರುವವನು ಅವನ ಆಲ್ಬಮ್ ನೋಡಿದ. "ನೀನು ಬರೀ ಎಲ್ಮರ್‌ಗಳನ್ನ ಕೂಡಿಸೋನಲ್ವಾ?"

ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ.

"ಇದ್ರೆ ಕೊಡೋ ಮಾರಾಯಾ!" ಎಂದು ರೇಗಿದ.