ಮೂರನೆಯ ಚರಣಕ್ಕೆ ನಿಲ್ಲುವ ಸ್ಕೂಟರು

“ಯಾವಾಗ್ಲೂ ಈ ಮರದ ಹತ್ರಾನೇ ಯಾಕೆ ನಿಂತ್ಹೋಗತ್ತೆ ಇದು?”

ಅಕಾಯಿತಿ ಕೇಳಿದ್ದು ಯಾರನ್ನೂ ಅಲ್ಲ. ದ್ವೀಪದ ವಾಯ್‌ಮಾಂಗಾ ಎಂಬ ಊರಿನ ತಿರುವಿನಲ್ಲಿ ಆ ಹೊತ್ತಿಗೆ ಇದ್ದದ್ದು ಒಂದು ಮಾವಿನ ಮರ, ಎರಡು ಕೋಳಿ, ಅಷ್ಟೇ. ಅವಳು ಸ್ಕೂಟರಿನಿಂದ ಇಳಿದು, ಸೀಟಿನ ಹಿಂದಿನ ಪೆಟ್ರೋಲ್ ಮುಚ್ಚಳ ತಿರುಗಿಸಿ ಇಣುಕಿದಳು. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಕಿಕ್ ಹೊಡೆದಳು. ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಸ್ಕೂಟರು ಅವಳ ಗಂಡ ಪಿರಾಂಗಿಯದು. ಅವನು ತೀರಿಕೊಂಡಾಗ, ಎಲ್ಲರ ಮನೆಯಲ್ಲೂ ಮಾಡುವ ಹಾಗೆ, ಅಂಗಳದಲ್ಲೇ ಮಣ್ಣು ಮಾಡಿದರು. ಅವನು ನಿಲ್ಲಿಸಿ ಹೋಗಿದ್ದ ಸ್ಕೂಟರು ಸಮಾಧಿಯ ಪಕ್ಕದಲ್ಲೇ ಉಳಿಯಿತು. ಅದನ್ನು ಸರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಹನ್ನೊಂದು ತಿಂಗಳು ಮಳೆ, ಬಿಸಿಲು, ಕಡಲಿನ ಉಪ್ಪುಗಾಳಿ ಅದರ ಮೇಲೆಯೇ ಹಾಯ್ದವು.

ಅಷ್ಟೂ ದಿನ ಅಕಾಯಿತಿ ಗಂಡನ ಊರಾದ ತಿತಿಕವೆಕಾದ ಚರ್ಚಿನಲ್ಲೇ ಹಾಡಿದಳು. ಅವಳ ತವರು ಅರೊರಾಂಗಿ. ಅದೇ ಕೀರ್ತನೆಯನ್ನು ಅಲ್ಲಿ ಬೇರೆ ಧಾಟಿಯಲ್ಲಿ ಹಾಡುತ್ತಾರೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಧಾಟಿ ಅದು. ಅದರಲ್ಲಿ ಹಾಡಿದರೆ ಮಾತ್ರ ಪ್ರಾರ್ಥನೆ ಸೇರಬೇಕಾದಲ್ಲಿ ಸೇರಿತೆಂದು ಅವಳಿಗೆ ಅನ್ನಿಸುತ್ತಿತ್ತು. ಭಾನುವಾರ ಮುಂಜಾನೆ ಅತ್ತ ಹೋಗಲು ಬಸ್ಸಿರಲಿಲ್ಲ.

ಗಂಡನ ಅಣ್ಣ ನೂರೋವಾ ಆಗಲೇ ಬಂದು ಹೋಗಿದ್ದ. ವರ್ಷದ ದಿನದೊಳಗೆ ಸ್ಕೂಟರು ಓಡದಿದ್ದರೆ ಬಿಚ್ಚಿ ಅದರ ಭಾಗಗಳನ್ನು ತನ್ನ ಗಾಡಿಗೆ ಹಾಕಿಕೊಳ್ಳುತ್ತೇನೆ ಎಂದಿದ್ದ. ಅವಳು ತಲೆಯಾಡಿಸಿದ್ದಳು. ಹಿರಿಯ ಕೇಳಿದರೆ ಇಲ್ಲವೆನ್ನುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಪಿರಾಂಗಿಯ ಮೀನಿನ ಬಲೆ, ಈಟಿ, ಎರಡು ಒಳ್ಳೆಯ ಅಂಗಿ ಹಾಗೆಯೇ ಹೋಗಿದ್ದವು. ವರ್ಷದ ದಿನಕ್ಕೆ ಈಗ ಇನ್ನು ನಾಲ್ಕೇ ದಿನ.

ರಿಪೇರಿಯ ತಮರುವಾ ಹಳೆ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ತೊಳೆದು, ಹೊಸ ಪ್ಲಗ್ ಹಾಕಿಕೊಟ್ಟಿದ್ದ. ಮಾವಿನ ಮರದ ವಿಷಯ ಹೇಳಿದಾಗ ಅವನು ನಗಲೂ ಇಲ್ಲ.

“ಪಿರಾಂಗಿ ಅಣ್ಣ ಅದರ ಕೆಳಗೇ ಕೂತು ಬಿಯರ್ ಕುಡೀತಿದ್ದದ್ದು, ಅಕ್ಕಾ. ಗಾಡಿಗೆ ರೂಢಿ ಆಗ್ಬಿಟ್ಟಿದೆ. ಒಂದು ಬಾಟ್ಲಿ ಕೊಟ್ಟು ನೋಡು.”

ಮುಚ್ಚಳ ತೆಗೆದಾಗ ‘ಉಸ್’ ಎಂಬ ಸಣ್ಣ ಸದ್ದಾಗುತ್ತದೆ ಎಂದೂ ಅವಳು ಹೇಳಿದ್ದಳು. ಅದಕ್ಕೆ ಅವನು ಗಾಡಿಯಿಂದ ಸ್ವಲ್ಪ ದೂರ ಸರಿದು ನಿಂತ.

ಮರವೇ ಕಾರಣವಾದರೆ ಇನ್ನೊಂದು ದಿಕ್ಕಿಗೆ ಹೋದಾಗ ನಿಲ್ಲಬಾರದು ಎಂದುಕೊಂಡಳು ಅಕಾಯಿತಿ. ದ್ವೀಪಕ್ಕೆ ಇರುವುದು ಬಳೆಯಂಥ ಒಂದೇ ರಸ್ತೆ. ಮರುದಿನ ಅವಳು ಗಾಡಿಯನ್ನು ಮುರಿ ಎಂಬ ಊರಿನ ಕಡೆಗೆ ತಿರುಗಿಸಿದಳು. ಓಡಿಸುವಾಗ ಹಾಡುವುದು ಅವಳ ಅಭ್ಯಾಸ. ಮೂರನೆಯ ಚರಣದ ನಡುವೆ ಎಂಜಿನ್ ಕೆಮ್ಮಿತು, ದನಿ ಇಳಿಸಿತು, ನಿಂತಿತು. ಆಗ ನೆನಪಾಯಿತು: ವಾಯ್‌ಮಾಂಗಾದಲ್ಲೂ ಅದೇ ಚರಣ. ಹಾಗಾದರೆ ಇದು ಜಾಗದ ಮಾತಲ್ಲ, ಹೊತ್ತಿನ ಮಾತು.

ಅವಳ ಕುತೂಹಲ ಈಗ ಚಿಂತೆಯನ್ನೂ ಮೀರಿ ಬೆಳೆಯಿತು. ಟ್ಯಾಂಕು ತುಂಬಿಸಿ ನೋಡಿದಳು. ಆಶ್ಚರ್ಯವೆಂದರೆ ಎರಡನೆಯ ಚರಣಕ್ಕೇ ನಿಂತಿತು. ಹೊಟ್ಟೆ ತುಂಬಿದಷ್ಟೂ ಬೇಗ ಸುಸ್ತು! ಮತ್ತೆ ಮುಚ್ಚಳ ತೆಗೆದಳು, ಮತ್ತೆ ಉಸ್. ಈ ಸಲ ಕಣ್ಣು ಮುಚ್ಚಿ ಆಲಿಸಿದಳು. ಅದು ಉಸಿರು ಬಿಡುವ ಸದ್ದಾಗಿರಲಿಲ್ಲ. ಮುಳುಗಿ ಮೇಲೆದ್ದವನು ಉಸಿರು ಎಳೆದುಕೊಳ್ಳುವ ಸದ್ದು.

ಮನೆಗೆ ಬಂದು ಎಳನೀರು ಕೊಚ್ಚಿದಳು. ಒಂದೇ ತೂತು ಮಾಡಿ ಕವುಚಿದಾಗ ನೀರು ಒಂದಿಷ್ಟು ಸುರಿದು ನಿಂತುಹೋಯಿತು. ಅವಳು ಕಾಯಿಯನ್ನು ಹಾಗೆಯೇ ಹಿಡಿದುಕೊಂಡು ತುಸುಹೊತ್ತು ನೋಡಿದಳು. ಇನ್ನೊಂದು ತೂತು ಕೊರೆದಳು. ಒಳಗೆ ಗಾಳಿ ಹೋಯಿತು, ನೀರು ಧಾರೆಯಾಗಿ ಇಳಿಯಿತು.

ಎದ್ದು ಹೋಗಿ ಪೆಟ್ರೋಲ್ ಮುಚ್ಚಳವನ್ನು ಬಿಸಿಲಿಗೆ ಹಿಡಿದಳು. ಅದರ ನಡುವೆ ಗಾಳಿ ಒಳಹೋಗಲೆಂದು ಬಿಟ್ಟ ಸಾಸಿವೆಯಷ್ಟು ಸಣ್ಣ ತೂತು, ತೂತಿನ ತುಂಬ ಬಿಳಿ. ಊದಿದರೆ ಗಾಳಿ ಹಾಯಲಿಲ್ಲ. ಉಗುರಿನಿಂದ ಕೆರೆದು ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು. ಸುಣ್ಣ.

ವರ್ಷದ ದಿನ ಹತ್ತಿರವಾಯಿತೆಂದು ಹೋದ ತಿಂಗಳು ಹವಳದ ಕಲ್ಲು ಸುಟ್ಟು ಸುಣ್ಣ ಮಾಡಿ ಸಮಾಧಿಗೆ ಬಳಿದವಳು ಅವಳೇ. ಸ್ಕೂಟರು ಪಕ್ಕದಲ್ಲಿ ಮಣೆಯ ಹಾಗೆ ನಿಂತಿತ್ತು. ಸುಣ್ಣದ ಡಬ್ಬಿ ಸೀಟಿನ ಮೇಲೆ, ತೊಟ್ಟಿಕ್ಕುವ ಕುಂಚ ಈ ಮುಚ್ಚಳದ ಮೇಲೆ. ಗಂಡನ ಸಮಾಧಿಯನ್ನು ಬೆಳ್ಳಗೆ ಮಾಡುವ ಭಕ್ತಿಯಲ್ಲಿ ಅವನ ಗಾಡಿಯ ಮೂಗು ಮುಚ್ಚಿಬಿಟ್ಟಿದ್ದಳು. ಅವಳಿಗೆ ನಗು ಬಂತು. ಸಮಾಧಿಯ ಕಡೆ ನೋಡಿ ಇನ್ನೂ ಜೋರಾಗಿ ನಕ್ಕಳು.

ಕೌದಿ ಹೊಲಿಯುವ ಸೂಜಿಯಿಂದ ಸುಣ್ಣವನ್ನು ಪುಡಿಪುಡಿಯಾಗಿ ತೆಗೆದು, ಊದಿ, ಮುಚ್ಚಳ ಹಾಕಿ ಹೊರಟಳು. ಮೂರನೆಯ ಚರಣ ದಾಟಿತು. ಮಾವಿನ ಮರ ದಾಟಿತು. ಐದನೆಯದೂ ಮುಗಿದು ಮೊದಲಿಂದ ಹಾಡಬೇಕಾಯಿತು. ಅರೊರಾಂಗಿಯ ಬಿಳಿ ಚರ್ಚಿನ ಎದುರು ಅವಳೇ ಬ್ರೇಕ್ ಹಾಕಿ ನಿಲ್ಲಿಸಿದಳು. ಭಾನುವಾರಕ್ಕೆ ತನ್ನ ಸಾಲಿನಲ್ಲಿ ಜಾಗ ಹಿಡಿದಿಡಲು ಒಳಗಿದ್ದ ಹೆಂಗಸರಿಗೆ ಹೇಳಿ ಬಂದಳು.

ವರ್ಷದ ದಿನ ಊಟವಾದ ಮೇಲೆ ನೂರೋವಾ ಸ್ಪ್ಯಾನರ್ ಚೀಲದ ಸಮೇತ ಅಂಗಳಕ್ಕೆ ಇಳಿದ. ಸ್ಕೂಟರಿಗೆ ಒಂದು ಕಿಕ್ ಹೊಡೆದ. ಸ್ಟಾರ್ಟ್ ಆಯಿತು. ತಮರುವಾ ಮತ್ತು ನೆಂಟರೆಲ್ಲ ತಟ್ಟೆ ಹಿಡಿದುಕೊಂಡೇ ನೋಡುತ್ತಿದ್ದರು. ನೂರೋವಾ ಚೀಲ ಕೆಳಗಿಟ್ಟು, ಸೀಟಿನ ಮೇಲೆ ಕೂತು, ಹ್ಯಾಂಡಲ್ ತಿರುವಿ ನೋಡಿದ.

“ಓಡ್ತಾ ಇದ್ಯಲ್ಲ, ಅಕಾಯಿತಿ. ಹಾಗಿದ್ರೆ ಬಿಚ್ಚೋದ್ಯಾಕೆ? ಹೀಗೇ ತಗೊಂಡ್ಹೋಗ್ತೀನಿ. ನಿಂಗೆ ಬಸ್ಸಿದೆಯಲ್ಲ.”

ಅವಳು ಹತ್ತಿರ ಬಂದು, ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಕೀಲಿಯನ್ನು ಕೈಗೆ ತೆಗೆದುಕೊಂಡಳು.

“ಇಲ್ಲ ಭಾವ. ಕೊಡಲ್ಲ.”