ಐದೂವರೆ ಗಂಟೆ

ಹಿನಕಲ್‌ನ ಆ ಬೀದಿಯಲ್ಲಿ ಯಾರಿಗೆ ಏನು ತಿಳಿಯದಿದ್ದರೂ ವಿಲ್ಸನ್ ಮೇಷ್ಟ್ರನ್ನೇ ಕೇಳುತ್ತಿದ್ದರು. ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಎದುರುಮನೆಯ ಸಹಾಯರಾಜ್ ತೀರಿಕೊಂಡಾಗ ಅವರ ಹೆಂಡತಿ ಲೂರ್ದುಮೇರಿ ಕೇಳಿದ್ದೂ ಅವರನ್ನೇ. ಲಂಡನ್‌ನಲ್ಲಿ ನರ್ಸ್ ಆಗಿರುವ ಒಬ್ಬಳೇ ಮಗಳು ಶೈನಿ, ರಾತ್ರಿ ಒಂಬತ್ತರ ವಿಮಾನ ಸಿಕ್ಕಿತು ಎಂದಷ್ಟೇ ಹೇಳಿ ಅಳುತ್ತಾ ಫೋನ್ ಇಟ್ಟಿದ್ದಳು.

"ಎಷ್ಟೊತ್ತಿಗೆ ಬರ್ತಾಳೆ ಮೇಷ್ಟ್ರೇ?"

"ಎಂಟು ಸಾವಿರ ಕಿಲೋಮೀಟರ್ ಕಣಮ್ಮ, ಹತ್ತು ಗಂಟೆ ದಾರಿ. ಬೆಳಿಗ್ಗೆ ಏಳಕ್ಕೆ ಬೆಂಗಳೂರು, ಹನ್ನೊಂದೂವರೆಗೆಲ್ಲ ಇಲ್ಲಿ."

ನೆರೆದವರು ತಲೆದೂಗಿದರು. ಹನ್ನೆರಡಕ್ಕೆ ಚರ್ಚಿನಲ್ಲಿ ಪೂಜೆ, ಆಮೇಲೆ ಮಣ್ಣು ಮಾಡುವುದೆಂದು ನಿಶ್ಚಯವಾಯಿತು.

ಮರುದಿನ ಹನ್ನೆರಡಾದರೂ ಶೈನಿ ಬರಲಿಲ್ಲ. ಅವಳ ಫೋನೂ ಸಿಗಲಿಲ್ಲ. ಚರ್ಚಿನಲ್ಲಿ ಕೂತು ಗಡಿಯಾರ ನೋಡಿದ ವಿಲ್ಸನ್‌ಗೆ ತಟ್ಟನೆ ಹೊಳೆಯಿತು. ಅವಳು ಹೇಳಿದ್ದು ಲಂಡನ್ನಿನ ಒಂಬತ್ತು. ಆಗ ಇಲ್ಲಿ ಬೆಳಗಿನ ಜಾವ ಎರಡೂವರೆ. ಹುಡುಗಿ ಇನ್ನೂ ಆಕಾಶದಲ್ಲೇ ಇದ್ದಾಳೆ. ವರ್ಷ ವರ್ಷವೂ ಬೋರ್ಡಿನ ಮೇಲೆ ರೇಖಾಂಶ ಎಳೆದು ಕಲಿಸಿದ್ದು ಇದನ್ನೇ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಇದಕ್ಕೇ.

ಫಾದರ್ ಮಾರ್ಟಿನ್ ಹತ್ತಿರ ಬಂದು ಬಗ್ಗಿದರು. "ಬರೋದು ಖಚಿತ ಅಂದ್ರೆ ಸಂಜೆವರೆಗೂ ಕಾಯೋಣ. ಏನಂತೀರಿ ಮೇಷ್ಟ್ರೇ?"

ಅಷ್ಟೂ ಜನರ ಕಣ್ಣು ಅವರ ಮೇಲಿತ್ತು. ಲೆಕ್ಕ ತಪ್ಪಿದೆ ಎಂಬ ಎರಡು ಮಾತನ್ನು ಅವರು ಆಡಲಿಲ್ಲ. "ವಿಮಾನ ತಡವಾಗಿರ್ಬೇಕು ಫಾದರ್. ಯಾವಾಗ ಬರುತ್ತೋ ಹೇಳಕ್ಕಾಗಲ್ಲ," ಎಂದುಬಿಟ್ಟರು.

ಲೂರ್ದುಮೇರಿ ಶವಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಎಷ್ಟೂಂತ ಕಾಯ್ಸೋದು ಅವರನ್ನ. ಆಗ್ಲಿ ಬುಡಿ ಫಾದರ್."

ಐದು ಗಂಟೆಗೆ ಮನೆ ಮುಂದೆ ಕಾರು ನಿಂತಿತು. ಖಾಲಿ ಹಜಾರ ನೋಡಿ ಶೈನಿ ಹೊಸ್ತಿಲಲ್ಲೇ ಕುಸಿದಳು. "ಸರಿಯಾದ ಟೈಮಿಗೇ ಇಳಿದ್ನಲ್ಲಮ್ಮ, ಹನ್ನೆರಡೂವರೆಗೆ. ಇಳಿದ ತಕ್ಷಣ ಫೋನ್ ಮಾಡ್ದೆ, ಯಾರೂ ಎತ್ತಲಿಲ್ಲ."

ಮೂಲೆಯಲ್ಲಿದ್ದ ವಿಲ್ಸನ್ ಮೆಲ್ಲಗೆ ಎದ್ದು ಹೋಗಬಹುದಿತ್ತು. ಎದ್ದವರು ಶೈನಿಯ ಎದುರು ಬಂದು ನಿಂತರು.

"ತಪ್ಪು ನಂದು ಕಣಮ್ಮ. ಐದೂವರೆ ಗಂಟೆ ಸೇರಿಸೋದು ಮರೆತೆ. ಚರ್ಚಲ್ಲೇ ಗೊತ್ತಾಯ್ತು. ಎಲ್ಲರೆದುರು ಹೇಳಕ್ಕೆ ನಾಚಿಕೆಯಾಯ್ತು."

ಶೈನಿ ಅವರ ಬಳಿಯೇ ಓದಿದವಳು. "ಗೊತ್ತಿದ್ದೂ ಸುಮ್ನಿದ್ರಾ ಸರ್?" ಎಂದು ಕೇಳಿದಳು.

ಲೂರ್ದುಮೇರಿ ಬಯ್ಯಲಿಲ್ಲ. ಅವರ ಕಡೆ ನೋಡಲೂ ಇಲ್ಲ. "ಕತ್ತಲಾಗೋ ಮುಂಚೆ ಮಗೂನ ಸಮಾಧಿ ಹತ್ರ ಕರ್ಕೊಂಡೋಗಿ ಮೇಷ್ಟ್ರೇ," ಎಂದರು.

ಶೈನಿ ವಿಲ್ಸನ್ ಅವರ ಸ್ಕೂಟರಿನ ಹಿಂದೆ ಕೂತು ಹೊರಟಳು. ಅವಳು ಹಸಿ ಮಣ್ಣಿನ ಪಕ್ಕ ಮಂಡಿಯೂರಿದಾಗ ವಿಲ್ಸನ್ ಗೇಟಿನಿಂದ ಒಳಗೆ ಕಾಲಿಡಲಾರದೆ ಹೊರಗೇ ನಿಂತರು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಬಂದಳು.

"ನೀವು ಹೋಗಿ ಸರ್. ನಾನು ನಡ್ಕೊಂಡು ಬರ್ತೀನಿ."

ಅವರು ಸ್ಕೂಟರ್ ಹತ್ತಲಿಲ್ಲ. ಅದನ್ನು ತಳ್ಳಿಕೊಂಡು, ಹತ್ತು ಹೆಜ್ಜೆ ಹಿಂದೆ, ತಲೆ ತಗ್ಗಿಸಿ ನಡೆದರು.