ಒಂದು ಲೋಟ ಕಿಟಕಿ

1

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಶುರುವಾಗುತ್ತಿದ್ದ ಡ್ರಾಫ್ಟನ್ನು ಹರಿದುಹಾಕಿದ್ದೇನೆ. ಅದರಲ್ಲಿ ಎಲ್ಲರೂ ಅಳುತ್ತಿದ್ದರು, ಕಥೆಯ ನಾಯಕಿ ಅಕ್ಕಯ್ಯಮ್ಮನವರಿಗೆ ಹಿಡಿಸಲಿಲ್ಲ.

ಹಾಗಾದರೆ ಅನ್ನಪೂರ್ಣೇಶ್ವರಿ ನಗರದ ಅವರ ಮನೆಯಿಂದಲೇ. ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಅಕ್ಕಯ್ಯಮ್ಮನವರಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕೈಕಾಲು ಸರಿಹೋದವು. ಮಾತು ಮಾತ್ರ ದಾರಿ ತಪ್ಪಿತು. (ನೋಡಿ, ನಾನೇ ರೂಪಕಕ್ಕೆ ಬಿದ್ದೆ. ಸರಳವಾಗಿ ಹೇಳುತ್ತೇನೆ.) ಮನಸ್ಸಿನಲ್ಲಿ ಒಂದು ಪದ ಇರುತ್ತದೆ, ಬಾಯಲ್ಲಿ ಇನ್ನೊಂದು ಬರುತ್ತದೆ.

2

ಹಳೆಯ ವಿದ್ಯಾರ್ಥಿನಿ ಮಾಲವಿಕಾ ನೋಡಲು ಬಂದಳು. ಬಾಯಾರಿದ್ದ ಅಕ್ಕಯ್ಯಮ್ಮ ಕೇಳಿದರು: "ಒಂದು ಲೋಟ ಕಿಟಕಿ ಕೊಡೇ."

"ವಾವ್ ಮೇಡಂ! ಬೆಳಕು ಕುಡಿಯೋದು! ಎಂಥಾ ಇಮೇಜ್!" ಮಾಲವಿಕಾ ಫೋನ್ ತೆಗೆದು ರೆಕಾರ್ಡಿಂಗ್ ಹಾಕಿದಳು. "ಇನ್ನೊಂದ್ಸಲ ಹೇಳಿ, ಸೆಮಿನಾರ್‌ಗೆ ಆಗತ್ತೆ."

ಅಕ್ಕಯ್ಯಮ್ಮನವರ ಮನಸ್ಸಿನಲ್ಲಿ ನೀರು ತಣ್ಣಗೆ, ಸ್ಪಷ್ಟವಾಗಿ ಇತ್ತು. ಅದರ ಹೆಸರೊಂದೇ ಇರಲಿಲ್ಲ. "ಕಿಟಕಿ! ಕಿಟಕಿ!" ಎಂದು ಸಿಟ್ಟಿನಿಂದ ಕೂಗಿದರು.

ಅಡುಗೆಮನೆಯಿಂದ ಗಂಡ ಚಿಕ್ಕಣ್ಣ ನೀರು ತಂದುಕೊಟ್ಟರು. ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸಿದವರು. "ಬಾಯಾರ್ಕೆ ಕಣಮ್ಮ, ಅಷ್ಟೇ."

ಅಕ್ಕಯ್ಯಮ್ಮ ಗಟಗಟ ಕುಡಿದು, ಆ ರೆಕಾರ್ಡಿಂಗ್ ಅಳಿಸುವವರೆಗೂ ಮಾಲವಿಕಾಳ ಕೈ ಬಿಡಲಿಲ್ಲ.

(ಹುಡುಗಿಯನ್ನು ಬೈಯಬೇಡಿ. ಅದೇ ಸಾಲನ್ನು ನಾನು ಶೀರ್ಷಿಕೆ ಮಾಡಿಕೊಂಡು ಕೂತಿದ್ದೇನೆ.)

3

ಇಲ್ಲಿಗೆ ಮುಗಿಸಬಹುದಿತ್ತು.

"ಮುಗಿಸ್ಬೇಡ ಕಣಯ್ಯ," ಎಂದರು ಅಕ್ಕಯ್ಯಮ್ಮ. (ನನ್ನೊಡನೆ ಜಗಳವಾಡುವಾಗ ಅವರ ಮಾತು ತಡವರಿಸುವುದಿಲ್ಲ. ಕಥೆ ಬರೆಯುವುದರಿಂದ ಅಷ್ಟಾದರೂ ಉಪಯೋಗ.) "ಸಂಜೆ ಏನಾಯ್ತು ಅಂತಾನೂ ಬರಿ."

ಸಂಜೆ ಚಿಕ್ಕಣ್ಣ ಹೆಂಡತಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಅಕ್ಕಯ್ಯಮ್ಮನವರಿಗೆ ಒಂದು ಮಾತು ಹೊಳೆಯಿತು. ಯೋಚಿಸಿ, ಆರಿಸಿ, ಬೇಕೆಂದೇ ಹೇಳಿದರು: "ನೀವು ನನ್ನ ಜಗಲಿ, ರೀ."

ಬಾಯಿ ಈ ಸಲ ಮೋಸ ಮಾಡಿರಲಿಲ್ಲ.

ಚಿಕ್ಕಣ್ಣ ಪ್ರೀತಿಯಿಂದ ತಿದ್ದಿದರು. "ಜಗಲಿ ಅಲ್ಲ ಕಣೇ, ಗಂಡ. ಗಂ-ಡ. ಹೇಳು."

"ಜಗಲಿ."

"ಗಂಡ."

ಅಕ್ಕಯ್ಯಮ್ಮನವರಿಗೆ ಅಳು ಬಂದಂತಾಯಿತು. ತಪ್ಪಿ ಬಂದ ಪದವನ್ನೂ ಬೇಕೆಂದು ಆಡಿದ ಪದವನ್ನೂ ಕೇಳುವ ಕಿವಿ ಹೇಗೆ ಬೇರೆ ಮಾಡೀತು? ತರಗತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ.

4

ಮೊದಲನೆಯ ಅಂತ್ಯದಲ್ಲಿ ಚಿಕ್ಕಣ್ಣನವರಿಗೆ ತಟ್ಟನೆ ಅರ್ಥವಾಗಿ ಕಣ್ಣು ಒದ್ದೆಯಾಗುತ್ತದೆ. "ಸೀರಿಯಲ್ಲಾ ಇದು?" ಎಂದು ಅಕ್ಕಯ್ಯಮ್ಮ ಹೊಡೆದುಹಾಕಿಸಿದರು. ಎರಡನೆಯದರಲ್ಲಿ ಅವರೇ ಸೋತು "ಗಂಡ" ಎನ್ನುತ್ತಾರೆ. ಅದನ್ನು ನಾನೇ ಹೊಡೆದುಹಾಕಿದೆ.

ಆದದ್ದು ಇಷ್ಟು. ಅಕ್ಕಯ್ಯಮ್ಮ ಬಾಚಣಿಗೆ ಕಿತ್ತುಕೊಂಡು, ಗಂಡನನ್ನು ಎದುರಿಗೆ ಕೂರಿಸಿ, ಪಾಠದ ದನಿಯಲ್ಲಿ ಒಂದೊಂದೇ ಪದ ಎತ್ತಿಟ್ಟರು: "ಗಂಡ. ಗೊತ್ತು ರೀ. ಆದ್ರೂ... ಜಗಲಿ."

ಚಿಕ್ಕಣ್ಣ ತಿದ್ದಲು ಬಾಯಿ ತೆರೆದವರು ತಿದ್ದದೆ, ಹೆಂಡತಿಯ ಮುಖವನ್ನೇ ನೋಡಿದರು.

"ಬೇಕು ಅಂತಾನೇ ಅಂದ್ಯಾ?" ಎಂದರು ಮೆಲ್ಲಗೆ. "ಯಾಕೆ, ಜಗಲಿ?"

ಅಕ್ಕಯ್ಯಮ್ಮ ಪದ ಹುಡುಕುತ್ತಿದ್ದಾರೆ. ನಾನು ಊಹಿಸಿ ಕೊಡುವುದಿಲ್ಲ. ನೀವೂ ಕೊಡಬೇಡಿ.